ಮಾತಾಡುತ್ತಾ ಓಡಿ: ಮೊದಲ ಹಾಫ್ ಮ್ಯಾರಥಾನ್‌ಗೆ 14 ವಾರಗಳ ತಯಾರಿ

ಓಡಲು ಶುರು ಮಾಡಿದ ಮೊದಲ ತಿಂಗಳು ನನಗೊಂದು ಕೆಟ್ಟ ಚಟ ಇತ್ತು. ಎದುರಿಗೆ ಯಾರಾದರೂ ಬರುವುದು ಕಂಡರೆ ಸಾಕು, ಎದೆ ಸೆಟೆಸಿ ವೇಗ ಜಾಸ್ತಿ ಮಾಡುತ್ತಿದ್ದೆ. ಅವರು ದಾಟಿ ಹೋದ ಮೇಲೆ ತಿರುವಿನಲ್ಲಿ ನಿಂತು, ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಡುತ್ತಿದ್ದೆ. ಹೀಗೆ ಓಡಿದರೆ ಎರಡು ಕಿಲೋಮೀಟರೇ ಮುಗಿಯುವುದಿಲ್ಲ, ಇನ್ನು ಇಪ್ಪತ್ತೊಂದು ಎಲ್ಲಿಂದ ಮುಗಿಯಬೇಕು? ಕಾಲಿನಲ್ಲಿ ಶಕ್ತಿ ಇಲ್ಲ ಅಂದುಕೊಂಡಿದ್ದೆ. ಇದ್ದ ಶಕ್ತಿಯನ್ನೆಲ್ಲ ಮೊದಲ ಐದು ನಿಮಿಷಕ್ಕೇ ಸುರಿದು ಬರುತ್ತಿದ್ದೆ ಅಂತ ಗೊತ್ತಾಗಲು ತುಂಬಾ ದಿನ ಹಿಡಿಯಿತು. ಮುಂದೆ ಹೇಳುವುದರಲ್ಲಿ ಅರ್ಧದಷ್ಟು ಇದೊಂದೇ ಮಾತು: ಇನ್ನೂ ನಿಧಾನ.

ಹಾಫ್ ಮ್ಯಾರಥಾನ್ ಅಂದರೆ 21.0975 ಕಿ.ಮೀ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ 42.195 ಕಿ.ಮೀ. ಮುಂದೆ 1921ರಲ್ಲಿ ಮ್ಯಾರಥಾನಿನ ಅಧಿಕೃತ ದೂರವಾಯಿತು. ಅದರ ಸರಿ ಅರ್ಧ ಇದು. 21ನೇ ಕಿ.ಮೀ. ಬೋರ್ಡ್ ದಾಟಿದ ಮೇಲೂ ಉಳಿಯುವ ಆ 97 ಮೀಟರ್ ಎಷ್ಟು ಉದ್ದ ಅನ್ನುವುದು ಓಡಿದವರಿಗೇ ಗೊತ್ತು.

ಶುರು ಮಾಡುವ ಮೊದಲು

ಈಗ ನಿಲ್ಲದೆ 30 ನಿಮಿಷ ಮೆಲ್ಲಗೆ ಓಡಬಲ್ಲಿರಾ? ಅಥವಾ ಸ್ವಲ್ಪ ಓಡಿ, ಸ್ವಲ್ಪ ನಡೆದು 5 ಕಿ.ಮೀ. ಮುಗಿಸಬಲ್ಲಿರಾ? ಹಾಗಿದ್ದರೆ 14 ವಾರ ಸಾಕು. ಇಲ್ಲದಿದ್ದರೆ ಇನ್ನೊಂದು ಆರರಿಂದ ಎಂಟು ವಾರ ಕೈಯಲ್ಲಿಟ್ಟುಕೊಳ್ಳಿ. ವಾರಕ್ಕೆ ಮೂರು ದಿನ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಅರ್ಧ ಗಂಟೆ. ವಾರ ಕಳೆದ ಹಾಗೆ ಓಟವನ್ನು ಹಿಗ್ಗಿಸಿ, ನಡಿಗೆಯನ್ನು ಕುಗ್ಗಿಸಿ. ಈ ಹಂತ ಬಿಟ್ಟು ನೇರ 14 ವಾರಕ್ಕೆ ಹಾರಿದವರಲ್ಲಿ ಹೆಚ್ಚಿನವರು ನಡುವೆ ಎಲ್ಲೋ ಕುಂಟುತ್ತಾ ಕೂತಿರುವುದನ್ನು ನೋಡಿದ್ದೇನೆ.

ಹೃದಯದ ತೊಂದರೆ, ಬಿಪಿ, ಶುಗರ್ ಇರುವವರು, ಓಡುವಾಗ ಎದೆ ನೋವು ಅಥವಾ ತಲೆಸುತ್ತು ಬಂದವರು, ವರ್ಷಗಟ್ಟಲೆ ಮೈ ಬಗ್ಗಿಸದೆ ಇದ್ದು ವಯಸ್ಸು ನಲವತ್ತು ದಾಟಿದವರು ಮೊದಲು ಡಾಕ್ಟರ್ ಹತ್ತಿರ ಹೋಗಿ ಬನ್ನಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಶೂ ಬಗ್ಗೆ ಜನ ಗಂಟೆಗಟ್ಟಲೆ ಮಾತಾಡುತ್ತಾರೆ. ನನಗೆ ತಿಳಿದಷ್ಟು ಇಷ್ಟೇ: ಓಡುವುದಕ್ಕೆಂದೇ ಮಾಡಿದ ಶೂ ಇರಲಿ. ಸಂಜೆ ಹೊತ್ತು ಹಾಕಿ ನೋಡಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಹೆಬ್ಬೆರಳಿನ ಮುಂದೆ ಕೈ ಹೆಬ್ಬೆರಳಿನಷ್ಟು ಅಗಲ ಜಾಗ ಉಳಿಯಬೇಕು, ಇಲ್ಲದಿದ್ದರೆ ಉಗುರು ಕಪ್ಪಾಗುತ್ತದೆ. ಅಂಗಡಿಯಲ್ಲಿ ಹಾಕಿದ ಕ್ಷಣ ಹಿತ ಅನಿಸದ ಶೂ ಆಮೇಲೂ ಹಿತವಾಗುವುದಿಲ್ಲ. ಒಂದು ಜೊತೆ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ. ಕಾಲುಚೀಲ ಹತ್ತಿಯದು ಬೇಡ. ಅದು ಬೆವರು ಕುಡಿದು ಒದ್ದೆಯಾಗೇ ಇರುತ್ತದೆ, ಒದ್ದೆ ಬಟ್ಟೆ ಚರ್ಮಕ್ಕೆ ಉಜ್ಜಿದರೆ ಗುಳ್ಳೆ ಏಳುತ್ತದೆ.

ಎಷ್ಟು ನಿಧಾನ ಅಂದರೆ ಎಷ್ಟು?

ವಾಚು ಬೇಡ, ಎದೆಬಡಿತದ ಲೆಕ್ಕವೂ ಸದ್ಯಕ್ಕೆ ಬೇಡ. ಓಡುತ್ತಲೇ ಒಂದು ಪೂರ್ತಿ ವಾಕ್ಯ ಗಟ್ಟಿಯಾಗಿ ಹೇಳಿ ನೋಡಿ. 'ನಿನ್ನೆ ರಾತ್ರಿ ಬೇಗ ಮಲಗಿದೆ, ಅದಕ್ಕೇ ಇವತ್ತು ಕಾಲು ಹಗುರ ಇದೆ.' ನಡುವೆ ಉಸಿರು ತುಂಡಾಗದೆ ಹೇಳಲು ಬಂತಾ? ಹಾಗಾದರೆ ವೇಗ ಸರಿ ಇದೆ. 'ನಿನ್ನೆ ರಾತ್ರಿ' ಅಂದ ಮೇಲೆ ಒಂದು ಉಸಿರು, 'ಬೇಗ ಮಲಗಿದೆ' ಅಂದ ಮೇಲೆ ಇನ್ನೊಂದು ಉಸಿರು ಬೇಕಾಯಿತಾ? ವೇಗ ಜಾಸ್ತಿಯಾಗಿದೆ, ಇಳಿಸಿ. ಒಬ್ಬರೇ ಓಡುವಾಗ ಹೀಗೆ ಮಾತಾಡಿಕೊಂಡರೆ ನೋಡಿದವರು ಏನಂದುಕೊಳ್ಳುತ್ತಾರೋ ಅನಿಸಬಹುದು. ಫೋನಿನಲ್ಲಿ ಮಾತಾಡುತ್ತಿದ್ದೀರಿ ಅಂದುಕೊಳ್ಳುತ್ತಾರೆ, ಬಿಡಿ.

ಮೊದಮೊದಲು ಈ ವೇಗ ನಿಮಗೇ ಅವಮಾನ ಅನಿಸುವಷ್ಟು ಕಡಿಮೆ ಇರುತ್ತದೆ. ಜೋರಾಗಿ ನಡೆಯುವವರು ನಿಮ್ಮನ್ನು ಹಿಂದೆ ಹಾಕಬಹುದು. ಹಾಕಲಿ. ಮೆಲ್ಲಗೆ, ತುಂಬಾ ಹೊತ್ತು ಓಡಿದಾಗಲೇ ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ಕೊಬ್ಬನ್ನು ಉರಿಸಿ ಶಕ್ತಿ ಮಾಡಿಕೊಳ್ಳುವುದನ್ನು ದೇಹ ಕಲಿಯುತ್ತದೆ. ಮಾರನೇ ದಿನ ಮತ್ತೆ ಓಡುವಷ್ಟು ಚೈತನ್ಯವೂ ಉಳಿಯುತ್ತದೆ. ಪ್ರತಿದಿನ ಅರ್ಧ ಜೋರು, ಅರ್ಧ ಸುಸ್ತು ಅನ್ನುವ ವೇಗದಲ್ಲಿ ಓಡಿದರೆ ಸುಸ್ತು ಮಾತ್ರ ಕೂಡುತ್ತಾ ಹೋಗುತ್ತದೆ.

ಹೆಜ್ಜೆ ಚಿಕ್ಕದಿರಲಿ. ಪಾದವನ್ನು ದೇಹದ ಮುಂದೆ ದೂರಕ್ಕೆ ಚಾಚಿ ಹಿಮ್ಮಡಿ ಊರಿದರೆ ಪ್ರತಿ ಹೆಜ್ಜೆಯೂ ಬ್ರೇಕ್ ಒತ್ತಿದ ಹಾಗೆ, ಆ ಪೆಟ್ಟೆಲ್ಲ ಮಂಡಿಗೆ. ಪಾದ ಹೆಚ್ಚುಕಡಿಮೆ ಸೊಂಟದ ಕೆಳಗೇ ಬೀಳುವ ಹಾಗೆ ಪುಟ್ಟ ಪುಟ್ಟ ಹೆಜ್ಜೆ ಇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಓಟಗಾರರಿಗೇ ಹೇಳಿದ್ದಿರಬೇಕು.

ನಡುವೆ ನಡೆಯುವುದು ಸೋಲಲ್ಲ, ಅದೊಂದು ಪದ್ಧತಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ ಇದನ್ನು ಜನಪ್ರಿಯ ಮಾಡಿದರು. ಗುಟ್ಟು ಇಷ್ಟೇ: ಸುಸ್ತಾದ ಮೇಲೆ ನಡೆಯಬೇಡಿ, ಸುಸ್ತಾಗುವ ಮೊದಲೇ ನಡೆಯಿರಿ. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ ಅಂತ ಇಟ್ಟುಕೊಂಡರೆ ಮೊದಲ ನಿಮಿಷದಿಂದ ಕೊನೆಯವರೆಗೂ ಅದನ್ನೇ ಪಾಲಿಸಿ. 15 ಕಿ.ಮೀ. ಆದಮೇಲೆ ಇದರ ಬೆಲೆ ಗೊತ್ತಾಗುತ್ತದೆ.

ಒಂದು ವಾರ ಹೇಗಿರಬೇಕು

ಮೂರು ದಿನ ಓಟ ಸಾಕು. ಮೈ ಒಗ್ಗಿದ ಮೇಲೆ ಬೇಕಿದ್ದರೆ ನಾಲ್ಕು. ನಾನು ಮಂಗಳವಾರ, ಗುರುವಾರ, ಭಾನುವಾರ ಓಡುತ್ತಿದ್ದೆ. ದಿನ ಯಾವುದಾದರೂ ಆಗಲಿ, ಆದಷ್ಟೂ ಎರಡು ಓಟಗಳ ನಡುವೆ ಒಂದು ದಿನ ಬಿಡುವು ಇರಲಿ.

ಮೊದಲನೆಯದು 30ರಿಂದ 45 ನಿಮಿಷದ ಸುಲಭ ಓಟ. ಎರಡನೆಯದೂ ಮೊದಲ ನಾಲ್ಕು ವಾರ ಹಾಗೇ. ಐದನೇ ವಾರದಿಂದ ಅದರಲ್ಲಿ ಸ್ವಲ್ಪ ಖಾರ ಸೇರಿಸಿ: 10 ನಿಮಿಷ ಮೆಲ್ಲಗೆ, ಆಮೇಲೆ 15-20 ನಿಮಿಷ ಮೂರು-ನಾಲ್ಕು ಪದ ಮಾತ್ರ ಹೇಳಲು ಆಗುವಷ್ಟು ಜೋರು, ಮತ್ತೆ 10 ನಿಮಿಷ ಮೆಲ್ಲಗೆ. ವಾರಕ್ಕೆ ಈ ಒಂದೇ ಸಲ ಜೋರು. ಮೂರನೆಯದು ಲಾಂಗ್ ರನ್, ಅಂದರೆ ವಾರದ ಅತಿ ಉದ್ದದ, ಮೆಲ್ಲಗಿನ ಓಟ. ಇಡೀ ತರಬೇತಿಯ ಬೆನ್ನೆಲುಬು ಅದೇ.

ಲಾಂಗ್ ರನ್ ದೂರ ವಾರ ವಾರಕ್ಕೆ ಹೀಗಿರಲಿ, ಕಿ.ಮೀ. ಲೆಕ್ಕದಲ್ಲಿ:

1ರಿಂದ 4ನೇ ವಾರ: 6, 7, 8, 6
5ರಿಂದ 8ನೇ ವಾರ: 9, 10, 12, 9
9ರಿಂದ 12ನೇ ವಾರ: 13, 14, 11, 16
13ನೇ ವಾರ: 10
14ನೇ ವಾರ: ಓಟದ ದಿನ

ನಡುನಡುವೆ ದೂರ ಕಡಿಮೆಯಾಗಿದೆ, ನೋಡಿ. ಅದು ಅಚ್ಚಿನ ತಪ್ಪಲ್ಲ. ಮೈ ಗಟ್ಟಿಯಾಗುವುದು ಓಡುವಾಗ ಅಲ್ಲ, ಓಡಿದ ಮೇಲೆ ಸುಧಾರಿಸಿಕೊಳ್ಳುವಾಗ. ಆ ವಾರ ಕಾಲು ಚೆನ್ನಾಗಿದೆ ಅಂತ ದೂರ ಹೆಚ್ಚಿಸಬೇಡಿ.

16ಕ್ಕೇ ನಿಲ್ಲಿಸಿದರೆ ಉಳಿದ 5 ಕಿ.ಮೀ. ಯಾರು ಓಡುತ್ತಾರೆ ಅಂತ ಎಲ್ಲರೂ ಕೇಳುತ್ತಾರೆ. ನೀವೇ ಓಡುತ್ತೀರಿ. ಹೊಸಬರಿಗೆ 16 ಕಿ.ಮೀ. ಅಂದರೆ ಎರಡು ಗಂಟೆಗೂ ಮೇಲಿನ ಕೆಲಸ. ತರಬೇತಿಯಲ್ಲೇ 21 ಓಡಿದರೆ ಸುಧಾರಿಸಿಕೊಳ್ಳಲು ಹಿಡಿಯುವ ದಿನಗಳು ಜಾಸ್ತಿ, ಲಾಭ ಕಡಿಮೆ. ವಿಶ್ರಾಂತಿ ಪಡೆದ ಕಾಲು, ಸುತ್ತ ಓಡುವ ಜನ, ರಸ್ತೆ ಬದಿಯ ಚಪ್ಪಾಳೆ ಸೇರಿ ಆ ಕೊನೆಯ ದೂರವನ್ನು ದಾಟಿಸುತ್ತವೆ.

ಒಂದೆರಡು ದಿನ ತಪ್ಪಿತಾ? ಮರೆತು ಮುಂದೆ ಹೋಗಿ. ತಪ್ಪಿದ್ದನ್ನು ಸೇರಿಸಿ ಓಡುವ ಸಾಹಸ ಬೇಡ. ಒಂದು ವಾರವೇ ತಪ್ಪಿದರೆ ಅದಕ್ಕೆ ಹಿಂದಿನ ವಾರದಿಂದ ಮತ್ತೆ ಶುರು ಮಾಡಿ. ಬರೀ ಮೂಗು ಸೋರುತ್ತಿದ್ದರೆ ಮೆಲ್ಲಗೆ ಓಡಬಹುದು. ಜ್ವರ, ಮೈಕೈ ನೋವು, ಎದೆಯಲ್ಲಿ ಕಫ ಇದ್ದರೆ ಓಡಲೇಬಾರದು.

ಓಟ ಇಲ್ಲದ ಎರಡು ದಿನ 20 ನಿಮಿಷ ಕಾಲು, ಸೊಂಟ ಗಟ್ಟಿ ಮಾಡುವ ಕೆಲಸ ಮಾಡಿ. ಸ್ಕ್ವಾಟ್, ಲಂಜ್, ಪ್ಲ್ಯಾಂಕ್ ಎಲ್ಲರಿಗೂ ಗೊತ್ತು. ಒಂದೇ ಒಂದು ಮಾಡಲು ಸಮಯ ಇದೆ ಅಂದರೆ ನಾನು ಹಿಮ್ಮಡಿ ಎತ್ತುವುದನ್ನು ಆರಿಸುತ್ತೇನೆ. ಮೆಟ್ಟಿಲಿನ ಅಂಚಿನ ಮೇಲೆ ಪಾದದ ಮುಂಭಾಗ ಇಟ್ಟು ನಿಲ್ಲಿ, ಗೋಡೆ ಹಿಡಿದುಕೊಳ್ಳಿ. ಎರಡೂ ಹಿಮ್ಮಡಿ ಮೇಲೆತ್ತಿ, ಮೂರು ಎಣಿಸುತ್ತಾ ಮೆಟ್ಟಿಲಿಗಿಂತ ಕೆಳಗಿನವರೆಗೆ ಇಳಿಸಿ. 15ರಂತೆ ಎರಡು-ಮೂರು ಸಲ. ಕೆಲವು ವಾರದ ನಂತರ ಒಂದೊಂದೇ ಕಾಲಿನಲ್ಲಿ. ಮೀನಖಂಡ ಉರಿಯುತ್ತದೆ, ಸರಿಯಾಗೇ ಮಾಡುತ್ತಿದ್ದೀರಿ.

ಕಾಲು ಮಾತಾಡಿದಾಗ

ನನ್ನ ಕಥೆ ಹೇಳಿಬಿಡುತ್ತೇನೆ. ಐದನೇ ವಾರ, ಉಸಿರು ಹಿಡಿತಕ್ಕೆ ಬಂದಿತ್ತು, ತಂಪಾದ ಬೆಳಗ್ಗೆ. 9 ಕಿ.ಮೀ. ಓಡಬೇಕಿತ್ತು, ಖುಷಿಯಲ್ಲಿ 14 ಓಡಿ ಬಂದೆ. ಮಾರನೇ ದಿನ ಹಾಸಿಗೆಯಿಂದ ಕಾಲು ಕೆಳಗಿಟ್ಟರೆ ಮಂಡಿಯ ಕೆಳಗೆ, ಎಲುಬಿನ ಒಳ ಅಂಚಿನುದ್ದಕ್ಕೂ ನೋವು. ಹೆಬ್ಬೆರಳಿನಿಂದ ಒತ್ತಿದರೆ ಒಂದು ಗೇಣಿನಷ್ಟು ಉದ್ದ ಚುರುಚುರು ಅನ್ನುತ್ತಿತ್ತು. ಶಿನ್ ಸ್ಪ್ಲಿಂಟ್ಸ್. ಓಡುತ್ತಾ ಓಡುತ್ತಾ ಹೋಗುತ್ತದೆ ಅಂತ ಇನ್ನೊಂದು ವಾರ ಓಡಿದೆ. ಹೋಗಲಿಲ್ಲ. ಮೂರು ವಾರ ಸುಮ್ನೆ ಕೂರಬೇಕಾಯಿತು.

ಯಾಕೆ ಹೀಗಾಯಿತು ಅಂದರೆ, ಹೃದಯ ಮತ್ತು ಉಸಿರು ಕೆಲವೇ ವಾರದಲ್ಲಿ ಪಳಗುತ್ತವೆ. ಎಲುಬಿಗೂ, ಸ್ನಾಯುವನ್ನು ಎಲುಬಿಗೆ ಕಟ್ಟುವ ತಂತುಗಳಿಗೂ ತಿಂಗಳುಗಳೇ ಬೇಕು. ಅದೂ ಅಲ್ಲದೆ ಎಲುಬು ಹೊಸ ಹೊರೆಗೆ ಹೊಂದಿಕೊಳ್ಳುವಾಗ ಮೊದಲು ಹಳೆಯದನ್ನು ಸ್ವಲ್ಪ ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ಮನೆ ರಿಪೇರಿ ಮಾಡುವಾಗ ಗೋಡೆ ಒಡೆದು ಕಟ್ಟುವ ಹಾಗೆ. ಗೋಡೆ ಒಡೆದಿರುವಾಗಲೇ ಮೇಲೆ ಮಹಡಿ ಏರಿಸಲು ಹೊರಟರೆ ಏನಾಗುತ್ತದೆ? ಉಸಿರು 'ಇನ್ನೂ ಓಡು' ಅನ್ನುವಾಗ ಎಲುಬು ಇನ್ನೂ ತಯಾರಾಗಿರುವುದಿಲ್ಲ. ಹೊಸಬರು ಅತಿ ಉತ್ಸಾಹದಲ್ಲಿ ಪೆಟ್ಟು ಮಾಡಿಕೊಳ್ಳುವುದು ಇಲ್ಲೇ.

ಹಾಗಂತ ಪ್ರತಿ ನೋವಿಗೂ ಹೆದರಬೇಕಿಲ್ಲ. ತೊಡೆ, ಮೀನಖಂಡ ಎರಡೂ ಕಡೆ ಸಮನಾಗಿ ಬಿಗಿದುಕೊಂಡು, ಒಂದೆರಡು ದಿನದಲ್ಲಿ ಕಡಿಮೆಯಾದರೆ ಅದು ದುಡಿದ ನೋವು. ಒಂದೇ ಕಡೆ ನೋವು, ಓಡಿದಷ್ಟೂ ಹೆಚ್ಚುವ ನೋವು, ನಡಿಗೆಯನ್ನೇ ಬದಲಿಸುವ ನೋವು ಇದ್ದರೆ ಅಲ್ಲೇ ನಿಲ್ಲಿ. ಬೆಳಗ್ಗೆ ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚಿದರೆ ಪ್ಲ್ಯಾಂಟರ್ ಫ್ಯಾಸಿಯೈಟಿಸ್ (ಅಂಗಾಲಿನ ಪಟ್ಟಿಯ ನೋವು) ಇರಬಹುದು. ಮಂಡಿ ಚಿಪ್ಪಿನ ಸುತ್ತ, ಮೆಟ್ಟಿಲು ಇಳಿಯುವಾಗ ನೋವು ಬಂದರೆ ಅದು 'ರನ್ನರ್ಸ್ ನೀ', ಅಂದರೆ ಓಟಗಾರರ ಮಂಡಿ ನೋವು, ಆಗಿರಬಹುದು. ಇವೆರಡೂ ಓಟ ಕಡಿಮೆ ಮಾಡಿ, ಸರಿಯಾದ ವ್ಯಾಯಾಮ ಮಾಡಿದರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತವೆ. ಆದರೆ ಎಲುಬಿನ ಮೇಲೆ ಒಂದೇ ಬೆರಳಿನಿಂದ ಮುಚ್ಚುವಷ್ಟು ಚಿಕ್ಕ ಜಾಗದಲ್ಲಿ ನೋವಿದ್ದರೆ, ಒಂಟಿ ಕಾಲಿನಲ್ಲಿ ಕುಪ್ಪಳಿಸಿದರೆ ಜೀವ ಹೋದಂತಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಅದು ಎಲುಬಿನ ಸೂಕ್ಷ್ಮ ಬಿರುಕು ಇರಬಹುದು. ಗೂಗಲ್ ಮಾಡುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ನೋವಿನ ಮಾತ್ರೆ ನುಂಗಿ ಲಾಂಗ್ ರನ್ ಹೋಗುವುದು ಬೇಡವೇ ಬೇಡ. ಐಬುಪ್ರೊಫೇನ್ ಥರದ ಮಾತ್ರೆ ಬೆವರು ಹರಿದು ನೀರಿನಂಶ ಕಡಿಮೆಯಾದ ಹೊತ್ತಿನಲ್ಲಿ ಮೂತ್ರಪಿಂಡಕ್ಕೂ ಹೊಟ್ಟೆಗೂ ಹೊರೆ. ನಿಲ್ಲು ಅಂತ ಹೇಳುವ ನೋವನ್ನೂ ಅದು ಮುಚ್ಚಿಡುತ್ತದೆ.

ಹೊಟ್ಟೆ, ನೀರು, ಬಿಸಿಲು

ಒಂದು ಗಂಟೆಯೊಳಗಿನ ಓಟಕ್ಕೆ ನಡುವೆ ಏನೂ ತಿನ್ನಬೇಕಿಲ್ಲ. ಅದಕ್ಕಿಂತ ಜಾಸ್ತಿಯಾದರೆ ಲೆಕ್ಕ ಬೇರೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜೆನ್ (ದೇಹದ ಸಕ್ಕರೆ ದಾಸ್ತಾನು) ಸುಮಾರು ಒಂದೂವರೆಯಿಂದ ಎರಡು ಗಂಟೆ ಬರುತ್ತದೆ. ನಾವು ಓಡುವುದೋ ಎರಡೂವರೆ ಗಂಟೆ. ಹಾಗಾಗಿ 40-45 ನಿಮಿಷಕ್ಕೇ ಶುರು ಮಾಡಿ, ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಜೆಲ್ (ಓಡುತ್ತಲೇ ನುಂಗುವ ಸಿಹಿ ಪೇಸ್ಟ್), ಖರ್ಜೂರ, ಸ್ಪೋರ್ಟ್ಸ್ ಡ್ರಿಂಕ್, ನಿಮ್ಮ ಹೊಟ್ಟೆ ಯಾವುದನ್ನು ಒಪ್ಪುತ್ತದೋ ಅದು. ಒಪ್ಪುತ್ತದೋ ಇಲ್ಲವೋ ಅನ್ನುವುದು ಲಾಂಗ್ ರನ್‌ನಲ್ಲೇ ಗೊತ್ತಾಗಲಿ. ಓಟದ ದಿನ ಗೊತ್ತಾದರೆ ಶೌಚಾಲಯ ಎಲ್ಲಿದೆ ಅಂತ ಹುಡುಕುವುದೇ ದೊಡ್ಡ ಓಟವಾಗುತ್ತದೆ.

ನೀರು ಬಾಯಾರಿದಷ್ಟು ಕುಡಿಯಿರಿ. ಓಟದ ದಾರಿಯ ಪ್ರತಿ ನೀರಿನ ಟೇಬಲ್‌ನಲ್ಲೂ ಎರಡೆರಡು ಲೋಟ ಸುರಿದುಕೊಳ್ಳುವುದು ಒಳ್ಳೆಯದಲ್ಲ. ಅತಿಯಾಗಿ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ಪ್ರಾಣಕ್ಕೇ ಅಪಾಯವಾಗಬಹುದು. ಸುಲಭ ಪರೀಕ್ಷೆ ಬೇಕಾ? ಲಾಂಗ್ ರನ್‌ಗೆ ಮೊದಲು ಮತ್ತು ನಂತರ ತೂಕ ನೋಡಿ. ಬಂದ ಮೇಲೆ ತೂಕ ಹೆಚ್ಚಾಗಿದ್ದರೆ ನೀರು ಜಾಸ್ತಿಯಾಗಿದೆ.

ಬಿಸಿಲಿದ್ದರೆ ವೇಗ ಇಳಿಸಿ, ಅಷ್ಟೇ. ಸೆಕೆಗೆ ಮೈ ಒಗ್ಗಲು 10-14 ದಿನ ಬೇಕು. ಬಿಸಿಲಿನಲ್ಲೂ ಚಳಿ ಹಿಡಿದಂತಾದರೆ, ತಲೆಸುತ್ತಿದರೆ, ಎಲ್ಲಿದ್ದೀನಿ ಅಂತ ಗೊಂದಲವಾದರೆ ಓಟ ಅಲ್ಲಿಗೇ ನಿಲ್ಲಿಸಿ ಸಹಾಯ ಕೇಳಿ.

ಕೊನೆಯ ಎರಡು ವಾರ

ಇದಕ್ಕೆ ಟೇಪರ್ ಅನ್ನುತ್ತಾರೆ. ದೂರ ಕಡಿಮೆ ಮಾಡಿ, ಓಡುವ ದಿನಗಳನ್ನು ಹಾಗೇ ಇಡಿ. ಕೊನೆಯ ವಾರ 20-30 ನಿಮಿಷದ ಎರಡು ಸುಲಭ ಓಟ ಸಾಕು. ಈಗ ಜಾಸ್ತಿ ಓಡಿ ಗಳಿಸುವಂಥದ್ದು ಏನೂ ಉಳಿದಿಲ್ಲ. ತಮಾಷೆ ಅಂದರೆ, ವಿಶ್ರಾಂತಿ ಸಿಕ್ಕ ಕೂಡಲೇ ಇಲ್ಲದ ನೋವೆಲ್ಲ ಹುಟ್ಟಿಕೊಳ್ಳುತ್ತದೆ. ನನಗೆ ಎಡ ಪಾದ ಮುರಿದೇ ಹೋಗಿದೆ ಅನಿಸಿತ್ತು. ಓಟದ ದಿನ ಅದರ ಸುದ್ದಿಯೇ ಇರಲಿಲ್ಲ.

ಗುರಿಯ ಸಮಯ ಬೇಕಿದ್ದರೆ ಈಚೆಗೆ ಜೋರಾಗಿ ಓಡಿದ 10 ಕಿ.ಮೀ. ಸಮಯವನ್ನು 2.2ರಿಂದ ಗುಣಿಸಿ. 70 ನಿಮಿಷ ಆಗಿದ್ದರೆ 154, ಅಂದರೆ 2 ಗಂಟೆ 34 ನಿಮಿಷ. ಮೊದಲ ಸಲದವರು ಇದಕ್ಕೆ ಹತ್ತು ನಿಮಿಷ ಸೇರಿಸಿ, ಕಿ.ಮೀ.ಗೆ 7 ನಿಮಿಷ 45 ಸೆಕೆಂಡ್ ಅಂತ ಹೊರಡಿ. 3 ಗಂಟೆಯೊಳಗೆ ಮುಗಿಸಬೇಕು ಅಂದರೆ ಕಿ.ಮೀ.ಗೆ 8 ನಿಮಿಷ 30 ಸೆಕೆಂಡ್ ಸಾಕು. ಸ್ಪರ್ಧೆಗೆ ಕಟ್-ಆಫ್ ಸಮಯ (ಓಟ ಮುಗಿಸಲು ಕೊಡುವ ಗಡುವು) ಎಷ್ಟು ಅಂತ ಹೆಸರು ಕೊಡುವ ಮೊದಲೇ ನೋಡಿಕೊಳ್ಳಿ.

ಓಟದ ದಿನ

ಹಿಂದಿನ ರಾತ್ರಿಯೇ ಬಿಬ್ (ನಿಮ್ಮ ನಂಬರಿನ ಚೀಟಿ) ಅನ್ನು ಅಂಗಿಯ ಮುಂಭಾಗಕ್ಕೆ ಪಿನ್ ಮಾಡಿಡಿ. ಬಟ್ಟೆ, ಕಾಲುಚೀಲ, ಶೂ, ತಿಂಡಿ ಯಾವುದೂ ಹೊಸದಿರಬಾರದು. ನಿದ್ದೆ ಬರದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದಕ್ಕೆ ಮೊದಲಿನ ರಾತ್ರಿಗಳಲ್ಲಿ ಚೆನ್ನಾಗಿ ಮಲಗಿದ್ದರೆ ಸಾಕು. ಓಟಕ್ಕೆ ಎರಡು-ಮೂರು ಗಂಟೆ ಮೊದಲು, ಅಭ್ಯಾಸವಿರುವ ಹಗುರ ತಿಂಡಿ. ತೊಡೆ ಸಂದಿ, ಕಂಕುಳಿಗೆ ವ್ಯಾಸಲೀನ್ ಹಚ್ಚಿ. ಗಂಡಸರು ಮೊಲೆತೊಟ್ಟಿಗೂ ಹಚ್ಚಬೇಕು. ನಗಬೇಡಿ, ಎರಡು ಗಂಟೆ ಬಟ್ಟೆ ಉಜ್ಜಿ ರಕ್ತ ಬಂದ ಅಂಗಿಗಳನ್ನು ಪ್ರತಿ ಓಟದಲ್ಲೂ ನೋಡುತ್ತೇನೆ.

ಹಿಂದಿನ ಸಾಲಿನಲ್ಲಿ ನಿಲ್ಲಿ. ಸಮಯ ಅಳೆಯುವ ಚಿಪ್ ಕೊಟ್ಟಿದ್ದರೆ ನಿಮ್ಮ ಸಮಯ ನೀವು ಗೆರೆ ದಾಟಿದಾಗಲೇ ಶುರುವಾಗುತ್ತದೆ, ಮುಂದೆ ನುಗ್ಗಿ ಗಳಿಸುವುದೇನಿಲ್ಲ. ಶುರುವಾದ ಕೂಡಲೇ ಎಲ್ಲರೂ ನಿಮ್ಮನ್ನು ದಾಟಿ ಹೋಗುತ್ತಾರೆ. ಇಡೀ 14 ವಾರ ಮಾಡಿದ್ದು ಈ ಹತ್ತು ನಿಮಿಷಕ್ಕಾಗಿಯೇ ಅಂದುಕೊಳ್ಳಿ. ಮೊದಲ ಎರಡು ಕಿ.ಮೀ. ಅಂದುಕೊಂಡದ್ದಕ್ಕಿಂತ ಕಿ.ಮೀ.ಗೆ 20-30 ಸೆಕೆಂಡ್ ನಿಧಾನ ಓಡಿ. 5 ಕಿ.ಮೀ.ವರೆಗೆ ಛೇ, ಇಷ್ಟು ಸುಲಭವಾ ಅನಿಸಬೇಕು. 10ರಲ್ಲಿ ಪಕ್ಕದವರ ಜೊತೆ ಮಾತಾಡಲು ಆಗಬೇಕು. 16ರಿಂದ ನಿಜವಾದ ಓಟ. ಆಗ ಮುಂದಿನ ಬೋರ್ಡ್ ಮಾತ್ರ ನೋಡಿ, ಉಳಿದ ದೂರದ ಲೆಕ್ಕ ಬೇಡ. ಶುರುವಿನಲ್ಲಿ ನಿಮ್ಮನ್ನು ದಾಟಿ ಹೋದವರಲ್ಲಿ ಎಷ್ಟೋ ಜನ ಇಲ್ಲಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಡೆಯುತ್ತಿರುತ್ತಾರೆ.

ವಾಚಿನಲ್ಲಿ 21.1 ತೋರಿಸಿದರೂ ಗೆರೆ ಕಾಣದಿದ್ದರೆ ಆಯೋಜಕರನ್ನು ಬೈಯಬೇಡಿ. ಅಧಿಕೃತ ಅಳತೆ ತಿರುವುಗಳ ಒಳ ಅಂಚಿನಲ್ಲಿ, ಆದಷ್ಟೂ ಹತ್ತಿರದ ದಾರಿಯಲ್ಲಿ ಮಾಡಿದ್ದು. ಅದಕ್ಕೆ 0.1 ಶೇಕಡಾ, ಅಂದರೆ ಸುಮಾರು 21 ಮೀಟರ್, ಬೇಕೆಂದೇ ಸೇರಿಸಿರುತ್ತಾರೆ. ನಾವು ಜನರನ್ನು ಬಳಸಿಕೊಂಡು ಅಡ್ಡಾದಿಡ್ಡಿ ಓಡುವುದರಿಂದ ಇನ್ನೂ ಜಾಸ್ತಿ ತೋರಿಸುತ್ತದೆ.

ಗೆರೆ ದಾಟಿದ ತಕ್ಷಣ ಕೂರಬೇಡಿ. ಹತ್ತು ನಿಮಿಷ ನಡೆದಾಡಿ, ಒಣ ಬಟ್ಟೆ ಹಾಕಿಕೊಳ್ಳಿ, ಏನಾದರೂ ತಿನ್ನಿ. ಒಂದು ವಾರ ಓಟ ಬೇಡ, ನಡಿಗೆ ಸಾಕು. ಮಾರನೇ ದಿನ ಸ್ನಾಯು ನೋವು ಶುರುವಾಗಿ ಎರಡನೇ ದಿನಕ್ಕೆ ಇನ್ನೂ ಹೆಚ್ಚುತ್ತದೆ. ಮೆಟ್ಟಿಲು ಹತ್ತುವುದು ಪರವಾಗಿಲ್ಲ, ಇಳಿಯುವಾಗ ತೊಡೆ ಕೂಗುತ್ತದೆ. ಕಂಬಿ ಗಟ್ಟಿಯಾಗಿ ಹಿಡಿದು, ಹಿಂದುಮುಂದಾಗಿ ತಿರುಗಿ ಒಂದೊಂದೇ ಮೆಟ್ಟಿಲು ಇಳಿದು ನೋಡಿ. ಮನೆಯವರು ನಗುತ್ತಾರೆ, ಆದರೆ ನೋವು ಅರ್ಧಕ್ಕರ್ಧ ಕಡಿಮೆ.